ಯಾರ ಡಿ ಡ್ರೈವ್?

2004ರ ಜುಲೈ ತಿಂಗಳ ಒಂದು ಶುಕ್ರವಾರ ರಾತ್ರಿ ಒಂದೇ ಡೇಟಾಬೇಸಿನ ಬ್ಯಾಕಪ್ಪನ್ನು ಮೂರು ಸಲ ತೆಗೆದೆ. ಮೂರು ಸಲವೂ ‘ಬ್ಯಾಕಪ್ ಯಶಸ್ವಿಯಾಗಿ ಮುಗಿಯಿತು’ ಎಂಬ ಸಂದೇಶ ಬಂತು. ಮೂರು ಸಲವೂ ಡಿ ಡ್ರೈವಿಗೆ ಹೋಗಿ ನೋಡಿದರೆ ಫೈಲೇ ಇಲ್ಲ.

ಬೆಂಗಳೂರಿಗೆ ಬಂದು ಹತ್ತು ತಿಂಗಳಾಗಿತ್ತು. ಸಗಟು ವ್ಯಾಪಾರದವರಿಗೆ ದಾಸ್ತಾನು, ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದ ಸಣ್ಣ ಕಂಪನಿ ಅದು. ಇದ್ದವರು ಹದಿನಾಲ್ಕು ಜನ. ಡಿಬಿಎ ಅಂತ ಪ್ರತ್ಯೇಕವಾಗಿ ಯಾರೂ ಇರಲಿಲ್ಲ. ಡೇಟಾಬೇಸ್ ನೋಡಿಕೊಳ್ಳುವುದು ಯಾರಿಗೂ ಬೇಡದ ಕೆಲಸವಾದ್ದರಿಂದ ಹೊಸಬನಾದ ನನ್ನ ತಲೆಗೆ ಬಂದಿತ್ತು. ನನ್ನ ಮೇಜಿನ ಕಂಪ್ಯೂಟರಿನಲ್ಲಿ ಎಸ್‌ಕ್ಯೂಎಲ್ ಸರ್ವರ್ 2000ದ ಎಂಟರ್‌ಪ್ರೈಸ್ ಮ್ಯಾನೇಜರ್ ಇತ್ತು. ಎಡಗಡೆ ಸರ್ವರ್‌ಗಳ ಹೆಸರಿನ ಪಟ್ಟಿ. ಹೆಸರಿನ ಪಕ್ಕದ ಕೂಡಿಸುವ ಗುರುತನ್ನು ಒತ್ತಿದರೆ ಡೇಟಾಬೇಸ್‌ಗಳು, ಅದನ್ನೊತ್ತಿದರೆ ಟೇಬಲ್‌ಗಳು. ನಮ್ಮ ಆಫೀಸಿನ ಸರ್ವರ್ ಆಗಲಿ, ನೆಲಮಂಗಲದ ಗೋದಾಮಿನಲ್ಲಿದ್ದ ಗಿರಾಕಿಯ ಸರ್ವರ್ ಆಗಲಿ, ಆ ಪಟ್ಟಿಯಲ್ಲಿ ಒಂದರ ಕೆಳಗೊಂದು ಒಂದೇ ಅಳತೆಯ ಅಕ್ಷರದಲ್ಲಿ ಕೂತಿರುತ್ತಿದ್ದವು. ನೋಡಿದರೆ ಎಲ್ಲವೂ ನನ್ನ ಕಂಪ್ಯೂಟರಿನೊಳಗೇ ಇವೆಯೇನೋ ಅನ್ನಿಸುತ್ತಿತ್ತು.

ಅವತ್ತು ಬೇಕಾಗಿದ್ದದ್ದು ಆ ಗೋದಾಮಿನ ಡೇಟಾಬೇಸಿನ ಒಂದು ಪ್ರತಿ. ಡೇಟಾಬೇಸಿನ ಮೇಲೆ ಬಲಗುಂಡಿ ಒತ್ತಿ, ಬ್ಯಾಕಪ್ ಅನ್ನುವುದನ್ನು ಆರಿಸಿ, ಎಲ್ಲಿಡಬೇಕು ಎಂದು ಕೇಳಿದ ಕಡೆ ಡಿ ಡ್ರೈವು, ಬ್ಯಾಕಪ್ ಫೋಲ್ಡರ್, ಫೈಲಿನ ಹೆಸರು ಇಷ್ಟನ್ನೂ ಕೈಯಾರೆ ಟೈಪ್ ಮಾಡಿದೆ. ನೀಲಿ ಪಟ್ಟಿ ನಿಧಾನಕ್ಕೆ ತುಂಬಿ ಹತ್ತು ನಿಮಿಷದಲ್ಲಿ ಮುಗಿಯಿತು. ನನ್ನ ಡಿ ಡ್ರೈವ್ ತೆರೆದರೆ ಬ್ಯಾಕಪ್ ಫೋಲ್ಡರ್ ಖಾಲಿ. ಕಣ್ಣಿಗೆ ಕಾಣದ ಹಾಗೆ ಇಟ್ಟಿದೆಯೋ ಏನೋ ಅಂತ ಹಿಡನ್ ಫೈಲುಗಳನ್ನು ತೋರಿಸುವ ಹಾಗೆ ಮಾಡಿದೆ. ಇಲ್ಲ. ಕಂಪ್ಯೂಟರನ್ನೇ ಆರಿಸಿ ಹಾಕಿದೆ. ಇಲ್ಲ. ಇನ್ನೊಮ್ಮೆ ಬ್ಯಾಕಪ್ ತೆಗೆದೆ, ಮತ್ತೊಮ್ಮೆ ತೆಗೆದೆ. ಹನ್ನೊಂದು ಗಂಟೆಗೆ, ಏನೋ ಬಗ್ ಇರಬೇಕು, ಸೋಮವಾರ ಮೇಡಂಗೆ ಹೇಳಿದರಾಯಿತು ಅಂದುಕೊಂಡು ಕೊನೆಯ ಬಸ್ ಹಿಡಿದೆ.

ಶನಿವಾರ ಬೆಳಗ್ಗೆ ಆರೂವರೆಗೆ ನಮ್ಮ ಓನರ್ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಬಂತು. ಗೋದಾಮಿನಲ್ಲಿ ಬಿಲ್ ಆಗುತ್ತಿಲ್ಲ. ಬಿಲ್ ಇಲ್ಲದೆ ಸರಕು ಹೊರಗೆ ಬಿಡುವ ಹಾಗಿಲ್ಲ. ಗೇಟಿನ ಮುಂದೆ ಹನ್ನೊಂದು ಲಾರಿ ನಿಂತಿವೆ.

ಆಫೀಸಿಗೆ ಹೋಗುವಷ್ಟರಲ್ಲಿ ಮೇಡಂ ಆಗಲೇ ಬಂದು ನನ್ನ ಕುರ್ಚಿಯಲ್ಲಿ ಕೂತಿದ್ದರು. ಮೈಸೂರಿನವರು. ನಮ್ಮ ಟೀಮಿನ ಹಿರಿಯರು, ಕೋಪ ಬಂದರೂ ಬಹುವಚನ ಬಿಡದವರು. ಟರ್ಮಿನಲ್ ಸರ್ವೀಸಸ್ ಮೂಲಕ ಗೋದಾಮಿನ ಸರ್ವರಿನ ಪರದೆಯನ್ನೇ ತೆರೆದುಕೊಂಡಿದ್ದರು. ಆ ಪರದೆಯಲ್ಲೂ ಒಂದು ಡಿ ಡ್ರೈವ್. ಆ ಡಿ ಡ್ರೈವಿನಲ್ಲೂ ಒಂದು ಬ್ಯಾಕಪ್ ಫೋಲ್ಡರ್. ಅದರೊಳಗೆ ನಾನು ಕೊಟ್ಟ ಹೆಸರಿನ ಒಂದೇ ಒಂದು ಫೈಲ್, 21 ಜಿಬಿ.

“ನಿಮ್ಮದೇನ್ರೀ ಇದು?”

“ಹೌದು ಮೇಡಂ. ಆದರೆ ನಾನು ಡಿ ಡ್ರೈವಿಗೆ ಹಾಕಿದ್ದು.”

“ಯಾರ ಡಿ ಡ್ರೈವಿಗೆ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಡಿ ಡ್ರೈವ್ ಒಂದಕ್ಕಿಂತ ಹೆಚ್ಚು ಇರಬಹುದು ಎಂದು ಆ ಗಳಿಗೆಯವರೆಗೂ ನನಗೆ ಹೊಳೆದೇ ಇರಲಿಲ್ಲ.

ಅವರು ಫೈಲನ್ನು ಅಳಿಸಿದರು. ಎರಡು ನಿಮಿಷದಲ್ಲಿ ಬಿಲ್ಲಿಂಗ್ ಶುರುವಾಯಿತು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಎರಡು ಚೌಕ ಬರೆದರು. ಒಂದು ನನ್ನ ಕಂಪ್ಯೂಟರು, ಇನ್ನೊಂದು ಸರ್ವರು. ನಡುವೆ ಒಂದು ಗೆರೆ. ಆ ಗೆರೆಯ ಮೇಲೆ ಹೋಗಿದ್ದು ಒಂದು ವಾಕ್ಯ ಮಾತ್ರ: ‘ಈ ಡೇಟಾಬೇಸನ್ನು ಡಿ ಡ್ರೈವಿನ ಈ ಫೈಲಿಗೆ ಬ್ಯಾಕಪ್ ಮಾಡು.’ ಅದನ್ನು ಓದಿ ಕೆಲಸ ಮಾಡಿದ್ದು ಸರ್ವರು. ತನಗೆ ಗೊತ್ತಿದ್ದ ಡಿ ಡ್ರೈವಿಗೆ ಅದು ಬರೆಯಿತು. ನಾನು ಎಂಬೊಬ್ಬ ಇದ್ದೇನೆ, ನನಗೂ ಒಂದು ಡಿ ಡ್ರೈವ್ ಇದೆ ಅನ್ನುವುದು ಅದಕ್ಕೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ.

“ಲೈನು ಎಷ್ಟರದ್ದು?” ಅಂದರು.

“2 ಎಂಬಿಪಿಎಸ್.”

“7 ಜಿಬಿ ಆ ಲೈನಿನಲ್ಲಿ ನಿಮ್ಮ ಹತ್ತಿರ ಬರೋಕೆ ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ.”

ಹಾಕಿದೆ. ಹತ್ತಿರ ಹತ್ತಿರ ಎಂಟು ಗಂಟೆ. ನನ್ನ ಬ್ಯಾಕಪ್ ಮುಗಿದದ್ದು ಹತ್ತು ನಿಮಿಷಕ್ಕೆ. ಫೈಲ್ ನನ್ನ ಕಡೆಗೆ ಬರಲೇ ಇಲ್ಲ ಅನ್ನುವುದಕ್ಕೆ ಸಾಕ್ಷಿ ರಾತ್ರಿಯೇ ಕಣ್ಣೆದುರು ಇತ್ತು. ನಾನದನ್ನು ಲೈನು ಜೋರಾಗಿದೆ ಅಂದುಕೊಂಡು ಖುಷಿಪಟ್ಟಿದ್ದೆ.

ಮೂರು ಸಲ ತೆಗೆದರೂ ಒಂದೇ ಫೈಲ್ ಇದ್ದದ್ದಕ್ಕೆ ಬೇರೆ ಕಾರಣ. ಎಸ್‌ಕ್ಯೂಎಲ್ ಸರ್ವರಿಗೆ ಹಳೆಯದನ್ನು ಅಳಿಸಿ ಬರೆ ಎಂದು ಹೇಳದಿದ್ದರೆ ಅದು ಹೊಸ ಬ್ಯಾಕಪ್ಪನ್ನು ಅದೇ ಫೈಲಿನ ಬಾಲಕ್ಕೆ ಸೇರಿಸುತ್ತದೆ. ಏಳು, ಹದಿನಾಲ್ಕು, ಇಪ್ಪತ್ತೊಂದು. ಡ್ರೈವಿನಲ್ಲಿ ಉಳಿದಿದ್ದ ಜಾಗ 22 ಜಿಬಿ. ಬೆಳಗಿನ ಜಾವ ಡೇಟಾಬೇಸಿನ ಲಾಗ್ ಫೈಲ್ ಬೆಳೆಯಲು ಹೋಯಿತು, ಜಾಗವಿಲ್ಲದೆ ನಿಂತಿತು, ಅದರ ಜೊತೆಗೆ ಲಾರಿಗಳೂ ನಿಂತವು.

ಹೊರಡುವ ಮುಂಚೆ ಮೇಡಂ ಇನ್ನೊಂದು ಮಾತು ಹೇಳಿದರು. “ಸರ್ವರಿನಲ್ಲಿ ಆ ಹೆಸರಿನ ಫೋಲ್ಡರ್ ಇಲ್ಲದಿದ್ದರೆ ನೀವು ಬಚಾವ್ ಆಗ್ತಿದ್ರಿ. ದಾರಿ ಸಿಗಲಿಲ್ಲ ಅಂತ ಎರರ್ ಕೊಡ್ತಿತ್ತು. ಎಲ್ಲರೂ ಎಲ್ಲಾ ಕಡೆ ‘ಬ್ಯಾಕಪ್’ ಅಂತಲೇ ಹೆಸರಿಡ್ತಾರೆ, ಅದೇ ತೊಂದರೆ.”

ಎರರ್ ಬಂದರೆ ಬೈದುಕೊಳ್ಳುತ್ತೇವೆ. ಆದರೆ ಅದು ಬಂದಿದ್ದರೆ ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದವು.

*

ಆ ವರ್ಷ ಗೌರಿಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದೆ. ಅಪ್ಪ ಮಲೆನಾಡಿನ ಒಂದು ತಾಲೂಕು ಕಚೇರಿಯ ರೆಕಾರ್ಡ್ ರೂಮನ್ನು ಹದಿನೆಂಟು ವರ್ಷ ನೋಡಿಕೊಂಡು ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಅಭಿಲೇಖಾಲಯ’ ಎಂದಿತ್ತು. ಆ ಹೆಸರನ್ನು ಯಾರೂ ಬಾಯಲ್ಲಿ ಹೇಳಿದ್ದು ನಾನು ಕೇಳಿಲ್ಲ. ಚಿಕ್ಕವನಿದ್ದಾಗ ಬುತ್ತಿ ಕೊಡಲು ಹೋಗುತ್ತಿದ್ದೆ. ಹೊಸ್ತಿಲ ಹೊರಗೇ ನಿಲ್ಲಬೇಕು. ಒಳಗೆ ಕತ್ತಲೆ, ಮಾಡಿನವರೆಗೆ ಏರಿದ ಕಪಾಟುಗಳು, ಕೆಂಪು ಬಟ್ಟೆಯಲ್ಲಿ ಬಿಗಿದ ಕಟ್ಟುಗಳು, ಮಳೆಗಾಲದಲ್ಲಿ ಮುಗ್ಗಲು ವಾಸನೆ. ಬಾಗಿಲಿಗೆ ಅಡ್ಡಲಾಗಿ ಒಂದು ಮೇಜು, ಆ ಮೇಜೇ ಗಡಿ. ಜನ ಅರ್ಜಿ ಕೊಡಬೇಕು, ಅಪ್ಪ ಒಳಗೆ ಹೋಗಬೇಕು, ಕಟ್ಟು ತರಬೇಕು, ನಕಲು ಮಾಡಿಸಿ ಮುದ್ರೆ ಹಾಕಿಸಿ ಕೊಡಬೇಕು. ಎಷ್ಟು ದೊಡ್ಡ ಜಮೀನುದಾರನಾದರೂ ಮೇಜು ದಾಟುವ ಹಾಗಿರಲಿಲ್ಲ.

ಅಪ್ಪ ನನ್ನ ಕಥೆ ಕೇಳಿ ನಗಲಿಲ್ಲ. “ನಮ್ಮಲ್ಲೂ ಇದೇ ಪಜೀತಿ ಮಾರಾಯ” ಅಂದರು. “ಸರ್ವೆ ಆಫೀಸಿನಿಂದ ಚೀಟಿ ಬರ್ತಿತ್ತು. ‘ಮೂರನೇ ಕಪಾಟು, ಎರಡನೇ ಅರೆ’ ಅಂತ. ಅವರ ರೂಮಿನ ಮೂರನೇ ಕಪಾಟಾ, ನನ್ನ ರೂಮಿನದ್ದಾ? ಬರೆದವನಿಗೆ ಅವನ ಕಪಾಟು ಒಂದೇ ಕಪಾಟು. ನನ್ನ ಮೂರನೇ ಕಪಾಟಿನಲ್ಲೂ ಎರಡನೇ ಅರೆ ಇತ್ತಲ್ಲ. ಹೊಸಬ ಅಟೆಂಡರ್ ಇದ್ದರೆ ಅಲ್ಲಿಂದ ಯಾವುದೋ ಊರಿನ ಕಟ್ಟು ಹೊತ್ತುಕೊಂಡು ಬಂದು ಸರ್ವೆ ಆಫೀಸಿಗೆ ಕೊಟ್ಟೇಬಿಡುವನು.”

“ನೀವು ಏನು ಮಾಡ್ತಿದ್ರಿ?”

“ಚೀಟಿ ಓದೋಕೆ ಮುಂಚೆ ಯಾರು ಹೋಗಿ ತೆಗೀಬೇಕು ಅಂತ ಕೇಳ್ತಿದ್ದೆ.”

ಅಪ್ಪನ ಕೊನೆಯ ವರ್ಷಗಳಲ್ಲಿ ಭೂಮಿ ಯೋಜನೆ ಬಂತು. ರಾಜ್ಯದ ಸುಮಾರು 67 ಲಕ್ಷ ಜಮೀನುದಾರರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಅಪ್ಪನಿಗೆ ಆ ಏರ್ಪಾಡಿನಲ್ಲಿ ಬಹಳ ಹಿಡಿಸಿದ್ದು ಎರಡನೆಯ ಪರದೆ. ಸಿಬ್ಬಂದಿಯ ಎದುರಿಗೊಂದು, ರೈತನ ಕಡೆಗೆ ಮುಖ ಮಾಡಿ ಇನ್ನೊಂದು. ಒಳಗೆ ಏನು ನಡೆಯುತ್ತಿದೆ ಎಂದು ಹೊರಗೆ ನಿಂತವನಿಗೂ ಕಾಣಲಿ ಎಂಬ ಉದ್ದೇಶ. “ಅವನಿಗೆ ಕಾಣ್ತದೆ, ಆದರೆ ಅವನು ಮುಟ್ಟೋ ಹಾಗಿಲ್ಲ. ಕಾಣೋದೆಲ್ಲಾ ಅವನ ಕೈಯಲ್ಲಿದೆ ಅಂತ ಅಲ್ಲ” ಅಂದರು ಅಪ್ಪ. ನನ್ನ ಎಂಟರ್‌ಪ್ರೈಸ್ ಮ್ಯಾನೇಜರ್ ಆ ಎರಡನೆಯ ಪರದೆ ಎಂದು ನನಗೆ ಅರ್ಥವಾದದ್ದು ಆಗ. ನನಗೆ ಎಲ್ಲ ಕಾಣುತ್ತಿತ್ತು. ನಾನಿದ್ದದ್ದು ಮೇಜಿನ ಹೊರಗೆ.

*

ಆಮೇಲಿನ ಇಪ್ಪತ್ತು ವರ್ಷ ಕಂಪನಿಗಳು ಬದಲಾದವು, ಡೇಟಾಬೇಸ್‌ಗಳು ಬದಲಾದವು. ಮೇಡಂ ಬರೆದ ಎರಡು ಚೌಕಗಳ ಹಾಳೆ ಮಾತ್ರ ಎಲ್ಲ ಕಡೆಗೂ ಹೊಂದಿತು.

ಒರೇಕಲ್‌ನಲ್ಲಿ ಬಹುಕಾಲ ಇದ್ದದ್ದು ‘ಎಕ್ಸ್‌ಪ್’ ಎಂಬ ಹಳೆಯ ಸಾಧನ. ಅದು ಕ್ಲೈಂಟ್ ಕಡೆಯದ್ದು. ನೀವು ಯಾವ ಕಂಪ್ಯೂಟರಿನಲ್ಲಿ ಕೂತು ಓಡಿಸುತ್ತೀರೋ ಅಲ್ಲೇ ಡಂಪ್ ಫೈಲ್ ಹುಟ್ಟುತ್ತದೆ. ಹುಡುಕುವ ಕಷ್ಟವಿಲ್ಲ, ಆದರೆ ಅಷ್ಟೂ ಡೇಟಾ ನೆಟ್‌ವರ್ಕ್ ದಾಟಿ ನಿಮ್ಮ ತನಕ ಬರಬೇಕು. 10ಜಿ ಆವೃತ್ತಿಯ ಜೊತೆ ಡೇಟಾ ಪಂಪ್ ಬಂತು. ಇದು ಸರ್ವರಿನೊಳಗೇ ಓಡುತ್ತದೆ, ಫೈಲನ್ನೂ ಸರ್ವರಿನಲ್ಲೇ ಇಡುತ್ತದೆ, ಅದಕ್ಕೇ ಹಳೆಯದಕ್ಕಿಂತ ಎಷ್ಟೋ ವೇಗ. ಆದರೆ ನಿಮ್ಮ ಮನಸ್ಸಿಗೆ ಬಂದ ದಾರಿಯನ್ನು ಅದು ಒಪ್ಪುವುದಿಲ್ಲ. ಮೊದಲು ಡೇಟಾಬೇಸಿನೊಳಗೆ ಒಂದು ‘ಡೈರೆಕ್ಟರಿ’ಗೆ ಹೆಸರಿಟ್ಟು, ಅದು ಸರ್ವರಿನ ಯಾವ ಫೋಲ್ಡರ್ ಎಂದು ಸೂಚಿಸಿ, ನಿಮಗೆ ಅದರಲ್ಲಿ ಓದುವ ಬರೆಯುವ ಹಕ್ಕು ಕೊಡಿಸಿಕೊಳ್ಳಬೇಕು. ತಮಾಷೆಯೆಂದರೆ, ಆ ಫೋಲ್ಡರ್ ನಿಜವಾಗಿ ಇದೆಯೋ ಇಲ್ಲವೋ ಎಂದು ಹೆಸರಿಡುವಾಗ ಒರೇಕಲ್ ನೋಡುವುದೇ ಇಲ್ಲ. ಇಲ್ಲದ ಊರಿಗೆ ಕೈಮರ ನೆಡಬಹುದು. ಹೊರಟಾಗಲೇ ಗೊತ್ತಾಗುವುದು.

ಪೋಸ್ಟ್‌ಗ್ರೆಸ್‌ಗೆ ಬಂದಾಗ ಈ ಭೇದವನ್ನು ಒಂದೇ ಒಂದು ಗೆರೆಯಲ್ಲಿ ಕಂಡೆ. ಅಲ್ಲಿ ‘ಕಾಪಿ’ ಎಂದರೆ ಸರ್ವರು ತನ್ನ ಡಿಸ್ಕಿನಿಂದ ಫೈಲ್ ಓದುತ್ತದೆ. ಅದರ ಹಿಂದೆ ಒಂದು ಓರೆಗೆರೆ ಹಾಕಿ ‘ಬ್ಯಾಕ್‌ಸ್ಲ್ಯಾಷ್ ಕಾಪಿ’ ಎಂದರೆ ಪಿಎಸ್‌ಕ್ಯೂಎಲ್ ಎಂಬ ಕ್ಲೈಂಟ್ ನಿಮ್ಮ ಕಂಪ್ಯೂಟರಿನಿಂದ ಓದಿ ಸಾಲು ಸಾಲಾಗಿ ಸರ್ವರಿಗೆ ಕಳಿಸುತ್ತದೆ. ಒಂದೇ ಅಕ್ಷರದ ವ್ಯತ್ಯಾಸ. ಅದರ ಆಚೆಗೊಂದು ಕಂಪ್ಯೂಟರು, ಈಚೆಗೊಂದು. ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಕೆಲಸಕ್ಕೆ ‘ಲೋಡ್ ಡೇಟಾ ಇನ್‌ಫೈಲ್’ ಮತ್ತು ನಡುವೆ ‘ಲೋಕಲ್’ ಎಂದು ಸೇರಿಸಿದ ಇನ್ನೊಂದು ರೂಪ. ಆ ‘ಲೋಕಲ್’ ಯಾರಿಗೆ ಲೋಕಲ್ ಎಂದು ತಿಳಿಯದೆ ಒದ್ದಾಡಿದ ಎಷ್ಟೋ ಜನರನ್ನು ನೋಡಿದ್ದೇನೆ. ಟೈಪ್ ಮಾಡುವವನಿಗೆ ಲೋಕಲ್, ಸರ್ವರಿಗಲ್ಲ.

ಮೈಎಸ್‌ಕ್ಯೂಎಲ್‌ನ ಡಂಪ್ ಸಾಧನದ ‘ಟ್ಯಾಬ್’ ಆಯ್ಕೆ ಇನ್ನೂ ಸ್ವಾರಸ್ಯದ್ದು. ಅದು ಪ್ರತಿ ಟೇಬಲ್ಲಿಗೂ ಎರಡು ಫೈಲ್ ಮಾಡುತ್ತದೆ. ಟೇಬಲ್ಲಿನ ರಚನೆಯಿರುವ ಫೈಲನ್ನು ಕ್ಲೈಂಟ್ ಬರೆಯುತ್ತದೆ, ಡೇಟಾ ಇರುವ ಫೈಲನ್ನು ಸರ್ವರ್ ಬರೆಯುತ್ತದೆ. ಇಬ್ಬರೂ ಬೇರೆ ಬೇರೆ ಕಂಪ್ಯೂಟರಿನಲ್ಲಿದ್ದರೆ ಜಾತಕ ಒಂದೂರಲ್ಲಿ, ಮಗು ಇನ್ನೊಂದೂರಲ್ಲಿ.

ಪೋಸ್ಟ್‌ಗ್ರೆಸ್‌ನ ಈಚಿನ ಆವೃತ್ತಿಗಳಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ‘ಕಾಪಿ’ಗೆ ಫೈಲ್ ಸಿಗದಿದ್ದರೆ ಎರರ್ ಕೊಟ್ಟು ಸುಮ್ಮನಾಗುವುದಿಲ್ಲ. ಈ ಆಜ್ಞೆಯಲ್ಲಿ ಫೈಲ್ ಓದುವುದು ಸರ್ವರು, ನಿಮಗೆ ಬೇಕಾದದ್ದು ಬಹುಶಃ ಕ್ಲೈಂಟ್ ಕಡೆಯ ಬ್ಯಾಕ್‌ಸ್ಲ್ಯಾಷ್ ಕಾಪಿ ಎಂದು ಕೆಳಗೊಂದು ಸುಳಿವು ಬರೆಯುತ್ತದೆ. ಮೊದಲ ಸಲ ಅದನ್ನು ಓದಿದಾಗ ನನಗೆ ಮೇಡಂ ದನಿಯೇ ಕೇಳಿಸಿತು: ಯಾರ ಡಿ ಡ್ರೈವಿಗೆ?

*

ಇಷ್ಟೆಲ್ಲಾ ತಿಳಿದುಕೊಂಡಿದ್ದೇನೆ ಎಂಬ ಹೆಮ್ಮೆ ಇದ್ದಾಗಲೇ, 2015ರಲ್ಲಿ, ಮತ್ತೊಮ್ಮೆ ಮೂರ್ಖನಾದೆ.

ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿಯನ್ನು ಮರಿಯಾಡಿಬಿಯಿಂದ ಸಿಎಸ್‌ವಿ ಫೈಲಾಗಿ ತೆಗೆಯಬೇಕಿತ್ತು. ಈ ಸಲ ಜಾಗ್ರತೆಯಾಗಿ ಸರ್ವರಿಗೇ ಲಾಗಿನ್ ಆದೆ. ಸೆಂಟ್ಓಎಸ್ 7. ನಾನೂ ಅಲ್ಲೇ, ಡೇಟಾಬೇಸೂ ಅಲ್ಲೇ. ಎರಡು ಚೌಕ ಇಲ್ಲ, ಒಂದೇ ಚೌಕ. ‘ಇಂಟು ಔಟ್‌ಫೈಲ್’ ಎಂದು ಟಿಎಂಪಿ ಫೋಲ್ಡರಿನ ದಾರಿ ಕೊಟ್ಟೆ. ಇಷ್ಟು ಸಾವಿರ ಸಾಲು ಬರೆದೆ ಎಂದು ಉತ್ತರ ಬಂತು. ಟಿಎಂಪಿಗೆ ಹೋಗಿ ಪಟ್ಟಿ ನೋಡಿದೆ. ಫೈಲ್ ಇಲ್ಲ.

ಹನ್ನೊಂದು ವರ್ಷದ ಹಿಂದಿನ ಶುಕ್ರವಾರ ಹೊಟ್ಟೆಯೊಳಗೆ ತಿರುಗಿದಂತಾಯಿತು. ಇರಲಿ ಅಂತ ಅದೇ ಆಜ್ಞೆಯನ್ನು ಮತ್ತೆ ಕೊಟ್ಟೆ. ಈ ಸಲ ಎರರ್: ಆ ಹೆಸರಿನ ಫೈಲ್ ಆಗಲೇ ಇದೆ.

ಇಂಟು ಔಟ್‌ಫೈಲ್ ಇರುವ ಫೈಲಿನ ಮೇಲೆ ಬರೆಯುವುದಿಲ್ಲ. ಅದು ಅದರ ನಿಯಮ, ಒಳ್ಳೆಯ ನಿಯಮ. ಆದರೆ ನನಗೆ ಕಾಣದ ಫೈಲು ಅದಕ್ಕೆ ಮಾತ್ರ ಕಾಣುವುದು ಹೇಗೆ? ಒಂದೇ ಕಂಪ್ಯೂಟರು, ಒಂದೇ ಫೋಲ್ಡರಿನ ಹೆಸರು. ರೂಟ್ ಆಗಿ ನೋಡಿದರೂ ಅಲ್ಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಟಿಎಂಪಿಯೊಳಗಿದ್ದ, ಸಿಸ್ಟಂಡಿ-ಪ್ರೈವೇಟ್ ಎಂದು ಶುರುವಾಗಿ ಮೊಳದುದ್ದದ ಅಂಕಿ ಅಕ್ಷರಗಳನ್ನು ಹೊತ್ತ ಒಂದು ಫೋಲ್ಡರಿನ ಮೇಲೆ ಕಣ್ಣು ಬಿತ್ತು. ಅದರ ಹೆಸರಿನ ಕೊನೆಯ ಕಡೆ ಮರಿಯಾಡಿಬಿ ಎಂದಿತ್ತು. ಒಳಗೆ ಹೋದರೆ ಇನ್ನೊಂದು ಟಿಎಂಪಿ. ಅದರೊಳಗೆ ನನ್ನ ಸಿಎಸ್‌ವಿ.

ಆ ಕಾಲದ ಲಿನಕ್ಸ್‌ಗಳಲ್ಲಿ ಸಿಸ್ಟಂಡಿ ಎಂಬ ಮೇಲ್ವಿಚಾರಕ ಬಂದಿತ್ತು. ಒಂದು ಸೇವೆಗೆ ‘ಪ್ರೈವೇಟ್ ಟಿಎಂಪಿ’ ಎಂಬ ಸವಲತ್ತು ಕೊಟ್ಟರೆ, ಆ ಸೇವೆಗೆ ಕಾಣುವ ಟಿಎಂಪಿಯೇ ಬೇರೆ, ಉಳಿದವರಿಗೆ ಕಾಣುವುದೇ ಬೇರೆ. ಎಲ್ಲರೂ ಬರೆಯಬಹುದಾದ ಜಾಗದಲ್ಲಿ ಒಬ್ಬರ ಫೈಲನ್ನು ಇನ್ನೊಬ್ಬರು ಕೆಡಿಸಬಾರದು ಎಂಬ ಎಚ್ಚರಿಕೆ ಅದು. ಸೇವೆಯನ್ನು ನಿಲ್ಲಿಸಿದರೆ ಆ ಖಾಸಗಿ ಟಿಎಂಪಿಯೂ ಒಳಗಿದ್ದದ್ದೂ ಅಳಿಸಿಹೋಗುತ್ತವೆ. ಸಿಟ್ಟಿನಲ್ಲಿ ನಾನು ಮರಿಯಾಡಿಬಿಯನ್ನು ಒಮ್ಮೆ ನಿಲ್ಲಿಸಿ ಶುರು ಮಾಡಿದ್ದರೆ ಫೈಲೂ ಹೋಗುತ್ತಿತ್ತು, ಅದು ಎಲ್ಲಿತ್ತು ಎಂಬ ಗುಟ್ಟೂ ಹೋಗುತ್ತಿತ್ತು.

ಅಲ್ಲಿಯವರೆಗೆ ನಾನು ‘ಸರ್ವರ್ ಕಡೆ’ ಎಂದರೆ ‘ಆ ಕಂಪ್ಯೂಟರು’ ಎಂದು ತಿಳಿದಿದ್ದೆ. ಅದೂ ಪೂರ್ತಿ ಸರಿಯಲ್ಲ. ದಾರಿಯನ್ನು ಓದುವುದು ಕಂಪ್ಯೂಟರಲ್ಲ, ಅದರೊಳಗೆ ಓಡುತ್ತಿರುವ ಒಂದು ಪ್ರೋಗ್ರಾಂ. ಅದಕ್ಕೆ ಅದರದ್ದೇ ಹೆಸರು, ಅದರದ್ದೇ ಹಕ್ಕು, ಅದರದ್ದೇ ಕಣ್ಣು. ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು, ಅದರ ಅಟ್ಟ ಬೇರೆ ಇತ್ತು.

*

ಹಕ್ಕಿನ ಮಾತು ಬಂದದ್ದರಿಂದ ಅಪ್ಪ ಹೇಳಿದ ಇನ್ನೊಂದು ಸಂಗತಿ ಹೇಳಬೇಕು.

ರೆಕಾರ್ಡ್ ರೂಮಿನ ಕೀಲಿ ಅಪ್ಪ ರಜೆ ಹೋದಾಗ ಅಟೆಂಡರ್ ಹತ್ತಿರ ಇರುತ್ತಿತ್ತು. ಒಂದು ಸಲ ರಜೆ ಮುಗಿಸಿ ಬಂದರೆ ಒಂದು ಕಟ್ಟಿನ ಗಂಟು ಬೇರೆ ರೀತಿ ಬಿಗಿದಿತ್ತು. ವಿಚಾರಿಸಿದರೆ ಯಾರೋ ಪರಿಚಯದವರು ಬಂದು ‘ಆ ಕಟ್ಟು ಸ್ವಲ್ಪ ತೆಗೆದುಕೊಡಪ್ಪ, ನೋಡಿ ಕೊಡ್ತೇನೆ’ ಎಂದಿದ್ದರು. ಅಟೆಂಡರ್ ಒಳಗೆ ಹೋಗಿ ತಂದುಕೊಟ್ಟಿದ್ದ. ಅವರು ಮೇಜು ದಾಟಿರಲಿಲ್ಲ, ಬೀಗ ಮುರಿದಿರಲಿಲ್ಲ. ಅಟೆಂಡರ್ ಅತ್ತುಬಿಟ್ಟ, “ನಾನೆಂತ ಮಾಡಿದೆ ಸಾರ್, ಅವರು ಒಳಗೇ ಬಂದಿಲ್ಲ” ಅಂತ. ಅಪ್ಪ ನನಗೆ ಹೇಳಿದ್ದು: “ಕೀಲಿ ಇರೋನ ಕೈಲಿ ತೆಗೆಸೋದೂ ಕಳ್ಳತನವೇ. ಅದು ಕಳ್ಳತನ ಅಂತ ತೆಗೆದುಕೊಟ್ಟವನಿಗೆ ಗೊತ್ತಾಗೋದಿಲ್ಲ, ಅಷ್ಟೇ.”

ಪೋಸ್ಟ್‌ಗ್ರೆಸ್‌ನಲ್ಲಿ ಸರ್ವರಿನ ಫೈಲ್ ಓದುವ ‘ಕಾಪಿ’ಗೆ ಸೂಪರ್‌ಯೂಸರ್ ಹಕ್ಕು ಯಾಕೆ ಬೇಕು ಎಂದು ಹೊಸಬರು ಕೇಳಿದಾಗಲೆಲ್ಲ ನನಗೆ ಆ ಅಟೆಂಡರ್ ನೆನಪಾಗುತ್ತಾನೆ. ಫೈಲನ್ನು ತೆರೆಯುವುದು ಸರ್ವರ್ ಪ್ರೋಗ್ರಾಂ, ಕೇಳಿದವರಲ್ಲ. ಅದಕ್ಕೆ ತೆರೆಯಲು ಬರುವ ಫೈಲುಗಳು ಬೇಕಾದಷ್ಟಿವೆ. ಟೇಬಲ್ಲಿಗೆ ಸಾಲು ಸೇರಿಸುವ ಹಕ್ಕಷ್ಟೇ ಇರುವವನು, ಆ ಪ್ರೋಗ್ರಾಮಿನ ಕೈಯಿಂದ ಇನ್ನಾವುದೋ ಫೈಲನ್ನು ತೆಗೆಸಿ ಟೇಬಲ್ಲಿಗೆ ಹಾಕಿಸಿಕೊಂಡು ಓದಬಹುದಲ್ಲ? 2018ರ 11ನೆಯ ಆವೃತ್ತಿಯಲ್ಲಿ ಸರ್ವರಿನ ಫೈಲ್ ಓದಲು, ಬರೆಯಲು ಬೇರೆ ಬೇರೆ ರೋಲ್ ಮಾಡಿ, ಪೂರ್ತಿ ಸೂಪರ್‌ಯೂಸರ್ ಪಟ್ಟ ಕೊಡದೆಯೂ ಈ ಒಂದು ಕೀಲಿಯನ್ನಷ್ಟೇ ಕೊಡುವ ದಾರಿ ತೆರೆದರು. ಮೈಎಸ್‌ಕ್ಯೂಎಲ್‌ನಲ್ಲಿ ಅದಕ್ಕೆ ‘ಫೈಲ್’ ಎಂಬ ಹಕ್ಕು ಬೇಕು. ಜೊತೆಗೆ ‘ಸೆಕ್ಯೂರ್ ಫೈಲ್ ಪ್ರಿವ್’ ಎಂಬ ಬೇಲಿ ಇದೆ. ಆ ಬೇಲಿ ಸುತ್ತಿದ ಫೋಲ್ಡರಿನ ಹೊರಗೆ ಸರ್ವರು ಓದುವುದೂ ಇಲ್ಲ, ಬರೆಯುವುದೂ ಇಲ್ಲ.

ತಿರುಗಿಸಿ ನೋಡಿದರೆ ಕ್ಲೈಂಟ್ ಕಡೆಗೂ ಇದೇ ಅಪಾಯ. ‘ಲೋಡ್ ಡೇಟಾ ಲೋಕಲ್’ ಎಂದಾಗ ನಾನು ಫೈಲ್ ಕಳಿಸುತ್ತೇನೆ ಎಂದು ನಮಗನಿಸುತ್ತದೆ. ನಿಜವಾಗಿ ನಡೆಯುವುದು ಬೇರೆ. ಆಜ್ಞೆ ಸರ್ವರಿಗೆ ಹೋಗುತ್ತದೆ, ಸರ್ವರು ‘ಈ ಫೈಲ್ ಕಳಿಸು’ ಎಂದು ತಿರುಗಿ ಕೇಳುತ್ತದೆ, ಕ್ಲೈಂಟ್ ಕಳಿಸುತ್ತದೆ. ಸರ್ವರು ಕೆಟ್ಟವರ ಕೈಯಲ್ಲಿದ್ದರೆ ನೀವು ಹೇಳಿದ ಫೈಲನ್ನು ಬಿಟ್ಟು ಬೇರೆಯದನ್ನು ಕೇಳಬಹುದು, ಮುಗ್ಧ ಕ್ಲೈಂಟ್ ಅದನ್ನೂ ಕೊಡಬಹುದು. ಮೈಎಸ್‌ಕ್ಯೂಎಲ್‌ನ ಕೈಪಿಡಿಯಲ್ಲೇ ಈ ಎಚ್ಚರಿಕೆ ಇದೆ. 8.0 ಆವೃತ್ತಿಯಿಂದ ‘ಲೋಕಲ್’ ತಾನಾಗಿ ನಡೆಯದ ಹಾಗೆ ಮುಚ್ಚಿಟ್ಟಿದ್ದಾರೆ, ಬೇಕಾದವರು ತೆರೆದುಕೊಳ್ಳಬೇಕು. ಹೊರಗೆ ನಿಂತವನ ಜೇಬಿನಲ್ಲೂ ಕೀಲಿ ಇರುತ್ತದೆ, ಅವನ ಕೈಯಿಂದಲೂ ತೆಗೆಸಬಹುದು.

*

2021ರಲ್ಲಿ, ಎಲ್ಲರೂ ಮನೆಯಿಂದ ಕೆಲಸ ಮಾಡುತ್ತಿದ್ದ ಕಾಲ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದ್ದ ಹುಬ್ಬಳ್ಳಿಯ ಹುಡುಗಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದಳು.

“ಸರ್, ಪಿಜಿಅಡ್ಮಿನ್‌ನಾಗ ಬ್ಯಾಕಪ್ ತಗೊಂಡೇನ್ರಿ. ಸಕ್ಸಸ್ ಅಂತ ಬಂದೈತ್ರಿ. ಫೈಲ್ ಎಲ್ಲಿ ಹೋತು ತಿಳೀವಲ್ದ್ರಿ.”

ಎಷ್ಟು ಸಲ ತೆಗೆದೆ ಎಂದು ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು, “ಮೂರು ಸಲರೀ” ಅಂದಳು. ನಾನು ನಕ್ಕಿದ್ದು ಯಾಕೆಂದು ಅವಳಿಗೆ ಆಗ ಗೊತ್ತಾಗಲಿಲ್ಲ.

ಅವಳ ಸಮಸ್ಯೆ ನನ್ನದಕ್ಕಿಂತ ಒಂದು ಚೌಕ ದೊಡ್ಡದು. ಹಿಂದಿನ ಪಿಜಿಅಡ್ಮಿನ್ ನಮ್ಮ ಕಂಪ್ಯೂಟರಿನಲ್ಲೇ ಕೂರುವ ಪ್ರೋಗ್ರಾಂ ಆಗಿತ್ತು. 2016ರಲ್ಲಿ ಬಂದ ಪಿಜಿಅಡ್ಮಿನ್ 4ನ್ನು ವೆಬ್ ಸರ್ವರಿನಲ್ಲಿ ಸ್ಥಾಪಿಸಿ ಬ್ರೌಸರಿನಲ್ಲಿ ಬಳಸಬಹುದು. ನಮ್ಮಲ್ಲಿ ಹಾಗೇ ಇತ್ತು. ಅವಳ ಬ್ರೌಸರು ಹುಬ್ಬಳ್ಳಿಯಲ್ಲಿ, ಪಿಜಿಅಡ್ಮಿನ್ ಒಂದು ಕ್ಲೌಡ್ ಯಂತ್ರದಲ್ಲಿ, ಪೋಸ್ಟ್‌ಗ್ರೆಸ್ ಇನ್ನೊಂದರಲ್ಲಿ. ಬ್ಯಾಕಪ್ ಒತ್ತಿದಾಗ ಓಡುವುದು ಪಿಜಿಡಂಪ್. ಅದು ಪೋಸ್ಟ್‌ಗ್ರೆಸ್‌ನ ಲೆಕ್ಕದಲ್ಲಿ ಕ್ಲೈಂಟು, ಆದರೆ ಓಡುವುದು ಪಿಜಿಅಡ್ಮಿನ್ ಇರುವ ಯಂತ್ರದಲ್ಲಿ. ಆದ್ದರಿಂದ ಫೈಲ್ ಡೇಟಾಬೇಸಿನ ಹತ್ತಿರವೂ ಇಲ್ಲ, ಹುಬ್ಬಳ್ಳಿಯಲ್ಲೂ ಇಲ್ಲ. ನಡುವಿನವನ ಮನೆಯಲ್ಲಿ, ಅವಳ ಲಾಗಿನ್ ಹೆಸರಿನ ಗೂಡಿನಲ್ಲಿದೆ. ಸ್ಟೋರೇಜ್ ಮ್ಯಾನೇಜರ್ ತೆರೆದು ಡೌನ್‌ಲೋಡ್ ಮಾಡಿಕೊಳ್ಳಬೇಕು.

ಪಿಎಚ್‌ಪಿಮೈಅಡ್ಮಿನ್ ಬಳಸಿದವರಿಗೆ ಈ ನಡುವಿನವನು ಹಳೆಯ ಪರಿಚಯ. ದೊಡ್ಡ ಫೈಲನ್ನು ಹತ್ತಿಸಲು ಹೋದರೆ ತಡೆಯುವವನು ಡೇಟಾಬೇಸ್ ಅಲ್ಲ, ಮಧ್ಯದ ಪಿಎಚ್‌ಪಿ. ಅದರ ಮೂಲ ಮಿತಿ 2 ಎಂಬಿ. ಬೈಗುಳ ಮಾತ್ರ ಡೇಟಾಬೇಸಿಗೆ ಬೀಳುತ್ತದೆ.

ನಾನು ಅವಳಿಗೆ ಉತ್ತರ ಹೇಳಲಿಲ್ಲ. ಹಾಳೆ ತೆಗೆದುಕೊಂಡು ಮೂರು ಚೌಕ ಬರೆಯಲು ಹೇಳಿ, ಬರೆಯುವ ಕೆಲಸವನ್ನು ಯಾವ ಚೌಕದಲ್ಲಿರುವವನು ಮಾಡಿದ ಅಂತ ಕೇಳಿದೆ. ಐದು ನಿಮಿಷದ ನಂತರ ಮೆಸೇಜ್ ಬಂತು: ‘ಸಿಕ್ತ್ರಿ ಸರ್. ನಡುವಿನ ಚೌಕದಾಗ.’ ಹಿಂದೆಯೇ ಇನ್ನೊಂದು: ‘ಮೂರೂ ಅಲ್ಲೇ ಅದಾವ್ರಿ. ಎರಡು ಅಳಸ್ತೇನ್ರಿ.’ ಎರಡನೆಯದನ್ನು ಓದಿದ ಮೇಲೆ ಇವಳು ನನಗಿಂತ ಚೆನ್ನಾಗಿ ಕೆಲಸ ಮಾಡುತ್ತಾಳೆ ಎಂದು ಖಾತ್ರಿಯಾಯಿತು.

*

ಕಳೆದ ವರ್ಷ ಸೊಸೈಟಿಯಲ್ಲಿ ಬೆಳೆಸಾಲದ ನವೀಕರಣಕ್ಕೆ ಪಹಣಿ ಬೇಕಾಯಿತು. ಎಂಬತ್ತರ ಹತ್ತಿರದ ಅಪ್ಪ ಒಬ್ಬರೇ ಪೇಟೆಗೆ ಹೋಗಿ ಕಂಪ್ಯೂಟರ್ ಅಂಗಡಿಯಲ್ಲಿ ಆನ್‌ಲೈನ್ ಪಹಣಿ ತೆಗೆಸಿದ್ದಾರೆ. ಸಂಜೆ ಫೋನು.

“ಡೌನ್‌ಲೋಡ್ ಆಯ್ತು ಅಂದ ಆ ಹುಡುಗ, ದುಡ್ಡೂ ಕೊಟ್ಟೆ. ಪ್ರಿಂಟರ್ ಕೆಟ್ಟಿದೆ, ನಾಳೆ ಬನ್ನಿ ಅಂದ. ಮನೆಗೆ ಬಂದು ಆಗಿಂದ ಮೊಬೈಲಿನಲ್ಲಿ ಹುಡುಕ್ತಾ ಇದ್ದೇನೆ, ಎಲ್ಲಿಯೂ...” ಎಂದವರು ಅಲ್ಲೇ ನಿಂತರು. ನಾನು ಬಾಯಿ ತೆರೆಯುವ ಮುಂಚೆ, “ಓ, ತೆಗೆದದ್ದು ಅವನಲ್ಲವಾ” ಅಂದರು. “ಅವನ ಕಪಾಟಿನಲ್ಲಿದೆ.”

ಮಾರನೆಯ ದಿನ ಮತ್ತೆ ಹೋಗಿ ಪ್ರಿಂಟ್ ಹಾಕಿಸಿಕೊಂಡಿದ್ದಾರೆ. ಆಮೇಲೆ ಆ ಫೈಲನ್ನು ಅಳಿಸು ಎಂದಿದ್ದಾರೆ. ಹುಡುಗ, “ಇರಲಿ ಬಿಡಿ ಅಜ್ಜ, ಮುಂದಿನ ಸಲಕ್ಕೆ ಆಗ್ತದೆ” ಅಂದಿದ್ದಾನೆ. ಅಪ್ಪ ಬಿಟ್ಟಿಲ್ಲ, ಪಕ್ಕದಲ್ಲೇ ಕೂತು ಅಳಿಸಿದ್ದನ್ನು ನೋಡಿಕೊಂಡೇ ಎದ್ದಿದ್ದಾರೆ. ಅಳಿಸುವಾಗ ಡೌನ್‌ಲೋಡ್ಸ್ ಫೋಲ್ಡರ್ ಪೂರ್ತಿ ಕಣ್ಣಿಗೆ ಬಿದ್ದಿದೆ.

“ಇಡೀ ಹೋಬಳಿಯ ಕಾಗದ ಇತ್ತು ಅಲ್ಲಿ” ಅಂದರು ಫೋನಿನಲ್ಲಿ. “ಪಹಣಿ, ಆಧಾರ್, ಪಾಸ್‌ಬುಕ್ಕು, ಎಂತ ಬೇಕಾದರೂ. ಯಾರೂ ಅಳಿಸಿಲ್ಲ. ಬೀಗ ಇಲ್ಲದ ರೆಕಾರ್ಡ್ ರೂಮು ಮಾರಾಯ ಅದು. ಅದಕ್ಕೆ ರೆಕಾರ್ಡ್ ಕೀಪರ್ ಕೂಡ ಇಲ್ಲ.”

ಫೋನ್ ಇಟ್ಟ ಮೇಲೆ ಲ್ಯಾಪ್‌ಟಾಪ್ ತೆರೆದೆ. ನಾವು ನೋಡಿಕೊಳ್ಳುವ ಸರ್ವರ್‌ಗಳಿಗೆ ಒಂದೊಂದಾಗಿ ಲಾಗಿನ್ ಆಗಿ, ಎಂದೋ ಯಾವುದೋ ಕೆಲಸಕ್ಕೆಂದು ನಾನೇ ತೆಗೆದಿಟ್ಟು ಮರೆತ ಬ್ಯಾಕಪ್ಪುಗಳನ್ನು, ಸಿಎಸ್‌ವಿಗಳನ್ನು ಹುಡುಕಿದೆ. ಹದಿನೇಳು ಸಿಕ್ಕವು. ಅದರಲ್ಲಿ ಎರಡರ ಮೇಲೆ ಎಲ್ಲರೂ ಓದಬಹುದು ಎಂಬ ಅನುಮತಿ ಇತ್ತು.